ದ್ವೀಪದ ಜೋಳದ ಗದ್ದೆ

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದೇ ಓಣಿಯಲ್ಲಿ ನಿವೃತ್ತ ಶಿಕ್ಷಕಿ ಹನ್ನಾ ಮತ್ತು ಎಪ್ಪತ್ತರ ದಾನವ್ವ ಹತ್ತು ವರ್ಷಗಳಿಂದ ನೆರೆಹೊರೆಯವರು. ಒಂದು ಸಂಜೆ ರೊಟ್ಟಿ ತಿನ್ನುತ್ತ ಹನ್ನಾ ತನ್ನ ತಾಯಿಯ ಮಾತು ತೆಗೆದಳು. ಅವರು ಕಡಲ ನಡುವಿನ ದ್ವೀಪವೊಂದರಲ್ಲಿದ್ದ ಕುಷ್ಠರೋಗದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ಅಲ್ಲಿ ಅಮ್ಮಿನಬಾವಿಯ ಚನ್ನಬಸವ್ವ ಎಂಬ ರೋಗಿ, ಅನ್ನ ಸೇರದೆ, ಗುಡ್ಡದ ಮೇಲೆ ಜೋಳ ಬಿತ್ತಿದ್ದಳಂತೆ.

ದಾನವ್ವನ ಕೈ ತಟ್ಟೆಯಲ್ಲೇ ನಿಂತಿತು. "ಆಕಿ ನಮ್ಮವ್ವರೀ," ಎಂದಳು.

ಮುಂದಿನ ವಾರವೇ ಇಬ್ಬರೂ ಹೊರಟರು. ಆಸ್ಪತ್ರೆ ಎಂದೋ ಮುಚ್ಚಿತ್ತು. ದ್ವೀಪ ಈಗ ಉದ್ಯಾನ. ದೋಣಿ ಸಮೀಪಿಸಿದಂತೆ ನೀರು ಹಸಿರಾಗಿ, ಆಮೇಲೆ ತಿಳಿಯಾಗಿ, ತಳದ ಮರಳಿನ ಮೇಲೆ ದೋಣಿಯ ನೆರಳೂ ಕಂಡಿತು. ಛಾವಣಿಯಿಲ್ಲದ ವಾರ್ಡುಗಳನ್ನು ಆಲದ ಬೇರುಗಳು ತಬ್ಬಿಕೊಂಡಿದ್ದವು. ರೋಗಿಗಳ ಮಂಚಗಳಿದ್ದಲ್ಲಿ ಹಳದಿ ಚಿಟ್ಟೆಗಳು ಏಳುತ್ತಿದ್ದವು, ಕೂರುತ್ತಿದ್ದವು.

ಕಾವಲುಗಾರ ಅಸದ ಗುಡ್ಡದ ಮೇಲಿನ ಕಲ್ಲಿನ ಒಡ್ಡೊಂದನ್ನು ತೋರಿಸಿದ. ಒಳಗೆ ಬರೀ ಹುಲ್ಲು, ಮೂರು ಜಿಂಕೆಗಳು.

"ಇದಕ್ಕೆ ಜೋಳದ ಗದ್ದೆ ಅಂತಾರೆ. ಯಾಕೆ ಅಂತ ಗೊತ್ತಿಲ್ಲಮ್ಮ."

ದಾನವ್ವ ಹುಲ್ಲಿನಲ್ಲಿ ಕುಳಿತಳು.

"ನಾ ನಾಕು ವರ್ಷದಾಕಿ ಇದ್ದಾಗ ಅವ್ವನ್ನ ಕರ್ಕೊಂಡು ಹೋದ್ರು. ಯಾರರ ಕೇಳಿದ್ರ ಸತ್ತಾಳ ಅನ್ನು ಅಂತ ಅಜ್ಜ ಕಲಿಸಿದ್ದ. ಹತ್ತು ವರ್ಷದಾಕಿ ಇದ್ದಾಗ ಒಬ್ಬ ನರ್ಸಬಾಯಿ ಬಂದು, ನಿಮ್ಮವ್ವಗ ಪೂರಾ ಆರಾಮ ಆಗೇತಿ, ಮನಿಗೆ ಕರ್ಕೋರಿ ಅಂದ್ಲು. ಬಾಗಲದಾಗ ನಾನ ನಿಂತಿದ್ದೆ ಟೀಚರ. ನಮ್ಮವ್ವ ಸತ್ತಾಳ ಅಂದು ಬಾಗಲಾ ಹಾಕಿಬಿಟ್ಟೆ."

ಹನ್ನಾ ಅವಳ ಪಕ್ಕ ಕುಳಿತಳು. ಹುಬ್ಬಳ್ಳಿಯಿಂದ ಇಲ್ಲಿಯವರೆಗೂ ತಡೆದುಕೊಂಡಿದ್ದ ಮಾತು ಹೊರಬಂತು.

"ಆ ನರ್ಸ್ ನಮ್ಮ ತಾಯಿನರೀ. ನೀವು ಅಂದಿದ್ದು ಅವರು ಇಲ್ಲಿ ಬಂದು ಹೇಳಲಿಲ್ಲ. ನಿನ್ನ ಮಗಳನ್ನ ನೋಡಿದೆ ಅಂದ್ರಂತ, ಅಷ್ಟ. ನಿಮ್ಮವ್ವ ಒಂದ ಮಾತು ಕೇಳಿದ್ರಂತ: ಎಷ್ಟು ಎತ್ತರ ಆಗ್ಯಾಳ? ನಮ್ಮ ತಾಯಿ ಹೀಂಗ ಕೈ ಎತ್ತಿ ಹಿಡದು ತೋರಿಸಿದ್ರು. ಆ ವರ್ಷ ಜೋಳ ಅಷ್ಟು ಎತ್ತರಕ್ಕ ಬಂದಾಗ, ನಿಮ್ಮವ್ವ ದಿನಾ ಬಂದು ಅದರ ನೆತ್ತಿ ಸವರಿ ನಗತಿದ್ರಂತ."

ದಾನವ್ವ ಸದ್ದಿಲ್ಲದೆ ಅತ್ತಳು. ಅತ್ತು ಅತ್ತು, ಸೆರಗನ್ನು ತಲೆಯಡಿ ಮಡಚಿಟ್ಟುಕೊಂಡು, ಕಡಲಿನ ಗಾಳಿಯಲ್ಲಿ ಅಲ್ಲೇ ನಿದ್ದೆ ಹೋದಳು.

ಅಸದ ದೋಣಿಯ ಹೊತ್ತಾಯಿತೆಂದು ಹೇಳಲು ಬಂದವನು, ನೋಡಿ ನಿಂತ.

"ದೋಣಿ ಕಾಯಲಿ. ನಾನು ಹೇಳಿ ಬರ್ತೇನೆ," ಎಂದು ಮೆಲ್ಲಗೆ ಇಳಿದು ಹೋದ.