ಹೆಸರು ಹೇಳದ ಮದ್ದು

ಹೊನ್ನಾವರದಲ್ಲಿ ನನ್ನದೇ ಮೆಡಿಕಲ್ ಅಂಗಡಿ ಇದೆ. ಆದರೂ ಮದುವೆ ಊಟ ಉಂಡು ಬಂದಮೇಲೆ ಶುರುವಾದ ಭೇದಿ ನನ್ನ ಮಾತ್ರೆಗಳಿಗೆ ಜಗ್ಗಲಿಲ್ಲ. ನಾಲ್ಕನೆಯ ದಿನ ನಾಚಿಕೆ ಬಿಟ್ಟು, ನಾಟಿ ಮದ್ದು ಕೊಡುವ ಲಕ್ಕಿಯಮ್ಮನ ಅಂಗಳದಲ್ಲಿ ಕುಳಿತೆ. ಆಕೆ ನನಗೆ ಬೆನ್ನು ಹಾಕಿ ಯಾವುದೋ ತೊಗಟೆ ತೇದು, ಮಜ್ಜಿಗೆಯಲ್ಲಿ ಕದಡಿ ಕೊಟ್ಟಳು. ವಿಪರೀತ ಕಹಿ.

"ಇದು ಎಂತದು ಅಮ್ಮಾ?"

"ಹೆಸರು ಹೇಳಿದ್ರೆ ಮದ್ದು ತಾಗೂದಿಲ್ಲ ತಮ್ಮಾ."

ಇಂಥ ಗುಟ್ಟುಗಳೆಂದರೆ ನನಗೆ ಮೈಯೆಲ್ಲ ಉರಿ. ಆದರೆ ಎರಡೇ ದಿನದಲ್ಲಿ ಹೊಟ್ಟೆ ತಣ್ಣಗಾಯಿತು. ಮತ್ತೆ ಹೋಗಿ, "ನಿಮಗೆ ಎಂತ ಕೊಡಲಿ?" ಎಂದೆ.

"ಎಂತದೂ ಬೇಡ. ನಿನ್ನ ಅಂಗಡಿ ಹಿಂದಿನ ಗಿಡ ವರ್ಷಾ ವರ್ಷಾ ಕಡಿಸ್ತೀಯಲ್ಲ, ಈ ವರ್ಷ ಬಿಟ್ಬಿಡು. ಆತಾ?"

ಆ ಗಿಡದ ಹೆಸರು ಮಾತ್ರ ಆಕೆ ಕೊನೆಗೂ ಹೇಳಲಿಲ್ಲ.