ಗೋಡೆಯಾಚೆಯ ಅಳು

ಆಗತಾನೇ ಊದಿ ಆರಿಸಿದ ಮೇಣದಬತ್ತಿಯ ವಾಸನೆ. ಚಿಕ್ಕಂದಿನಲ್ಲಿ ಕರೆಂಟು ಹೋದ ಸಂಜೆಗಳಲ್ಲಿ ಅಜ್ಜಿಯ ಸೆರಗಿಗೆ ಅಂಟಿರುತ್ತಿದ್ದ ಅದೇ ವಾಸನೆ, ಧ್ಯಾನಮಂದಿರದ ಬಾಗಿಲು ತೆರೆದಾಗ ಟೀಚರಮ್ಮನ ಮೂಗಿಗೆ ಬಡಿಯಿತು. ಅಲ್ಲಿ ಯಾರೂ ಬತ್ತಿ ಹಚ್ಚಿರಲಿಲ್ಲ.

ಹಿಂದಿನ ಧ್ಯಾನ ಶಿಬಿರದಲ್ಲಿ ಅರ್ಧ ಮಕ್ಕಳು ಮಧ್ಯದಲ್ಲೇ ಗಂಟುಮೂಟೆ ಕಟ್ಟಿದ್ದರು. "ಈ ಸಲವೂ ಹಾಗಾದ್ರೆ ಇನ್ನು ಶಿಬಿರಕ್ಕೆ ಕೈಮುಗಿದುಬಿಡೋಣ," ಎಂದಿದ್ದರು ಪ್ರಿನ್ಸಿಪಾಲರು. ಈಗ ಫೋನುಗಳೆಲ್ಲ ಬೀರುವಿನಲ್ಲಿ. ಮಕ್ಕಳು ಚಾಪೆಯ ಮೇಲೆ ಚಡಪಡಿಸುತ್ತಿದ್ದರು. ಬರಿಯ ಅಂಗೈ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ ಒಬ್ಬ ಹುಡುಗಿಗೆ ಗೆಳತಿಯರು ರೀಲ್ಸ್ ರಾಣಿ ಎಂದೇ ಹೆಸರಿಟ್ಟಿದ್ದರು.

"ಕಣ್ಣು ಮುಚ್ಚಿ. ಎಲ್ಲಕ್ಕಿಂತ ದೂರದ ಸದ್ದು ಯಾವುದು, ಹುಡುಕಿ," ಎಂದರು ಟೀಚರಮ್ಮ.

"ನನಗೆ ನಿನ್ನ ಹೊಟ್ಟೆ ಗುರುಗುಟ್ಟೋದೇ ಕೇಳ್ತಿದೆ ಕಣೇ," ಎಂದಳೊಬ್ಬಳು. ಕಿಸಿಕಿಸಿ ನಗು.

ರೀಲ್ಸ್ ರಾಣಿ ನಗಲಿಲ್ಲ. "ಮೇಡಂ, ಆ ಗೋಡೆಯಾಚೆ ಯಾರೋ ಅಳ್ತಿದ್ದಾರೆ."

"ಶುರುವಾಯ್ತಪ್ಪ ಇವಳ ನಾಟಕ!" ಎಂದವಳ ಮಾತು ಅರ್ಧಕ್ಕೇ ನಿಂತಿತು. "ಅಯ್ಯೋ, ಹೌದು ಕಣ್ರೇ..."

ಒಂದೊಂದಾಗಿ ಎಲ್ಲ ತಲೆಗಳೂ ಗೋಡೆಯತ್ತ ತಿರುಗಿದವು. ಟೀಚರಮ್ಮನಿಗೆ ಮಾತ್ರ ಏನೂ ಕೇಳಿಸಲಿಲ್ಲ.

ಗೋಡೆಯಾಚೆ ಇದ್ದದ್ದು ಹಳೆಯ ಚಾಪೆಗಳ ಕೋಣೆ. ಅಡುಗೆಯವರು ಬಂದು ಬೀಗ ತೆಗೆದರು. ಸುತ್ತಿಟ್ಟ ಚಾಪೆಗಳು, ಒಂದು ಹೆಜ್ಜೆಗುರುತೂ ಇಲ್ಲದ ಧೂಳು. "ಇಲಿ ಬಿಟ್ರೆ ಇಲ್ಲಿ ಯಾರಿದ್ದಾರಮ್ಮ?" ಎನ್ನುತ್ತ ಬಾಗಿಲು ಓರೆ ಮಾಡಿ ಹೋದರು.

"ಈಗ ಇನ್ನೂ ಹತ್ತಿರ ಕೇಳ್ತಿದೆ, ಮೇಡಂ," ಎಂದಳು ರೀಲ್ಸ್ ರಾಣಿ.

ಗದರಲು ಹೊರಟ ಟೀಚರಮ್ಮನಿಗೆ ಆ ಮುಖಗಳು ಕಂಡವು. ಹೆದರಿದ ಮಕ್ಕಳನ್ನು ಹಿಡಿದಿಟ್ಟು ನಡೆಸುವ ಶಿಬಿರ ಯಾರಿಗೆ ಬೇಕು? ಬೀರುವಿನ ಕೀಲಿ ಹೊರತೆಗೆದರು. "ಫೋನು ಕೊಡ್ತೀನಿ, ಮಕ್ಕಳೇ. ಹೋಗೋರು ಹೋಗಬಹುದು."

ಒಂದು ಕೈಯೂ ಮುಂದೆ ಬರಲಿಲ್ಲ.

"ಇಷ್ಟು ಅಳ್ತಿರುವಾಗ ಹೇಗೆ ಮೇಡಂ ಬಿಟ್ಟು ಹೋಗೋದು?" ರೀಲ್ಸ್ ರಾಣಿ ತನ್ನ ಚಾಪೆಯನ್ನು ಕೋಣೆಯ ಬಾಗಿಲಿನ ಬಳಿಗೆ ಎಳೆದುಕೊಂಡು ಕೂತಳು. ಉಳಿದವರೂ ಹಿಂದೆಯೇ ಬಂದರು. ಆಮೇಲೆ ಒಬ್ಬರೂ ಮಿಸುಕಲಿಲ್ಲ. ಇಷ್ಟು ವರ್ಷ ಟೀಚರಮ್ಮ ಬೇಡಿಕೊಂಡಿದ್ದ ಮೌನವೇ ಅದು. ಈಗ ಅದಕ್ಕೇ ಹೆದರಿ, ಅವರೂ ಮಕ್ಕಳ ಪಕ್ಕ ಕೂತರು.

ಊಟದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಟೀಚರಮ್ಮ ತಟ್ಟೆಗಳನ್ನು ಅಲ್ಲಿಗೇ ತರಿಸಿದರು. ಮಕ್ಕಳು ಉಣ್ಣದೆ, ಓರೆಬಾಗಿಲ ಕತ್ತಲ ಸಂದಿಯನ್ನೇ ನೋಡುತ್ತ ಕೂತರು.

ಟೀಚರಮ್ಮ ಎದ್ದು ಅಡುಗೆಮನೆಗೆ ಹೋಗಿ ಇನ್ನೊಂದು ತಟ್ಟೆಗೆ ಬಿಸಿ ಅನ್ನ ಬಡಿಸಿಕೊಂಡು ಬಂದರು. ಈಗಲೂ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ಮೊಣಕಾಲೂರಿ ಕೂತು, ಆರಿದ ಬತ್ತಿಯ ಅದೇ ವಾಸನೆ ಬರುತ್ತಿದ್ದ ಸಂದಿಯೊಳಗೆ ತಟ್ಟೆಯನ್ನು ಚಾಚಿದರು.

ಸ್ವಲ್ಪ ಹೊತ್ತಿಗೆ, ಒಂದು ಅಗುಳೂ ಚೆಲ್ಲದಂತೆ, ಒಳಗಿನಿಂದ ಯಾರೋ ಅದನ್ನು ಮೆಲ್ಲಗೆ ಹಿಡಿದುಕೊಂಡರು. ಟೀಚರಮ್ಮ ಕೈ ಬಿಟ್ಟರು.