ಮೂರನೆಯ ಕಾಫಿ

ನಮ್ಮ ಬೋಸ್ನಿಯಾದ ಹಳ್ಳಿಗಳಲ್ಲಿ ಮನೆಗೆ ಬಂದವರಿಗೆ ಮೂರು ಸಲ ಕಾಫಿ. ಮೊದಲನೆಯದು ಬಂದದ್ದಕ್ಕೆ, ಎರಡನೆಯದು ಮಾತಿಗೆ. ಮೂರನೆಯದು ಬಂತೆಂದರೆ ಕುಡಿದು ಎದ್ದು ಹೊರಡಬೇಕು.

1971ರ ಜನಗಣತಿಗೆ ಊರಿನ ಶಾಲೆಯ ಮೇಷ್ಟ್ರಾದ ನಾನೇ ಮನೆಮನೆ ತಿರುಗಿದೆ. ಮುದುಕಿ ರಾಬಿಯಾಳ ಮನೆಗೆ ಹೋದಾಗ ಹಿತ್ತಲ ಪ್ಲಮ್ ಮರಗಳು ಬೆಳ್ಳಗೆ ಹೂ ಬಿಟ್ಟಿದ್ದವು.

ಅಲ್ಲಿ ಸೂರು ಒಂದೇ, ಜನಾಂಗ ಎರಡು. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಗಣತಿಯಲ್ಲಿ ಮುಸಲ್ಮಾನರಿಗೆ ತಮ್ಮದೇ ಜನಾಂಗದ ಹೆಸರಿರಲಿಲ್ಲ; ಕ್ರೈಸ್ತರಾದ ಸರ್ಬರ ಇಲ್ಲವೇ ಕ್ರೊಯಾಟರ ಲೆಕ್ಕಕ್ಕೆ ಸೇರಬೇಕಿತ್ತು. ಕಾಡಿನಲ್ಲಿ ಮರ ಕಡಿಯುವ ಹಿರಿಮಗ ಸಾಲಿಹ್ ಜೊತೆಗಾರರನ್ನು ನೋಡಿ ಸರ್ಬ್ ಎಂದು ಬರೆಸಿದ್ದ. ಪೇಟೆಯಲ್ಲಿ ಹೊಲಿಗೆ ಕಲಿಯುತ್ತಿದ್ದ ಕಿರಿಯವ ಚಾಮಿಲ್ ತನ್ನ ಗುರುವನ್ನು ನೋಡಿ ಕ್ರೊಯಾಟ್ ಎಂದಿದ್ದ. ರಾಬಿಯಾಳ ಹೆಸರಿನ ಮುಂದೆ 'ನಿರ್ಧಾರವಾಗಿಲ್ಲ' ಎಂದಿತ್ತು. ಇಬ್ಬರು ಮಕ್ಕಳೂ ಒಂದೇ ಹೆಸರಿನಡಿ ಬಂದದ್ದನ್ನು ನೋಡಿಯೇ ಕಣ್ಣು ಮುಚ್ಚಬೇಕೆಂಬುದು ಅವಳ ಹಟ.

"ಈ ಸಲ ಮುಸಲ್ಮಾನ ಅನ್ನೋದೇ ಒಂದು ಜನಾಂಗ," ಎಂದೆ.

ಚಾಮಿಲ್ ತಕ್ಷಣ ಒಪ್ಪಿದ. ಸಾಲಿಹ್ ಒಪ್ಪಲಿಲ್ಲ. "ನಾನು ಕಮ್ಯುನಿಸ್ಟ್ ಪಾರ್ಟಿ ಮನುಷ್ಯ ಮೇಷ್ಟ್ರೇ. ನಮಾಜಿಲ್ಲ, ಉಪವಾಸ ಇಲ್ಲ. ನಾನೆಂಥ ಮುಸಲ್ಮಾನ?"

"ಇಲ್ಲಿ ದೇವರ ವಿಷಯ ಯಾರೂ ಕೇಳ್ತಿಲ್ಲ, ಸಾಲಿಹಣ್ಣ," ಎಂದೆ.

"ದೇವರಿಲ್ದೆ ಮುಸಲ್ಮಾನ! ಹಾಲಿಲ್ದೆ ಮೊಸರು!"

"ಸರ್ಬ್ ಅಂತ ಬರೆಸ್ದೋನು ಚರ್ಚಿಗೆ ಎಷ್ಟು ಸಲ ಹೋಗಿದ್ದೆ?" ಎಂದ ಚಾಮಿಲ್.

"ಬಾಯ್ಮುಚ್ಚೋ, ಕ್ರೊಯಾಟ!"

ನನಗೂ ಕುತೂಹಲ. ದೇವರನ್ನು ಕಳೆದ ಮೇಲೆ ಉಳಿಯುವುದೇನು? "ಈದ್ ದಿನ ಏನ್ಮಾಡ್ತೀರಿ?" ಎಂದು ಕೇಳಿದೆ.

"ಅವ್ವನ ಕೈಗೆ ಮುತ್ತಿಡ್ತೀನಿ. ಅವಳು ಮಾಡಿದ ಸಿಹಿ ಬಕ್ಲಾವ ತಿಂತೀನಿ. ಅದು ಅಭ್ಯಾಸ."

ನಾನು ಪೆನ್ನಿನ ಮುಚ್ಚಳ ತೆರೆದೆ. ಅಷ್ಟರಲ್ಲಿ ರಾಬಿಯಾ ತಾಮ್ರದ ಪಾತ್ರೆ ಹಿಡಿದು ಬಂದಳು. ನಮ್ಮ ಎರಡನೆಯ ಕಾಫಿ ಇನ್ನೂ ಮುಗಿದಿರಲಿಲ್ಲ. ಸಾಲಿಹನ ಮುಂದೆ ಮಾತ್ರ ಮೂರನೆಯದನ್ನು ಸುರಿದಿಟ್ಟಳು.

ಅವನ ಮುಖ ಕೆಂಪಾಯಿತು. "ಇದೇನವ್ವ, ನನ್ನ ಮನೆಯಿಂದ ನನ್ನನ್ನೇ ಕಳಿಸ್ತೀಯ?"

"ಹೋದ ವರ್ಷ ನಿನ್ನ ಬೆಲ್‌ಗ್ರೇಡಿನ ಸರ್ಬ್ ಮೇಸ್ತ್ರಿ ಬಂದಿದ್ನಲ್ಲ, ಮೂರನೇದು ಕುಡಿದು ನಾಲ್ಕನೇದು ಕೇಳ್ದ. ಅವನಿಗೇನೂ ಚುಚ್ಲಿಲ್ಲ. ನಿನಗೆ ಯಾಕೋ ಹಿಂಗೆ ಚುಚ್ತು, ಮಗ?"

ಚಾಮಿಲ್ ಗೋಡೆಗೊರಗಿ ನಕ್ಕ. ಸಾಲಿಹ್ ಕಾಫಿ ಕುಡಿಯದೆ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

"ಮುಸಲ್ಮಾನ ಅಂತ್ಲೇ ಬರ್ಕೊಳ್ಳಿ ಮೇಷ್ಟ್ರೇ. ದೇವರು ಕೇಳಿದ್ರೆ ಅವನಿಗೆ ಬೇರೆ ಉತ್ತರ ಕೊಡ್ತೀನಿ."

ಒಬ್ಬರ ಕೆಳಗೊಬ್ಬರಂತೆ ಇಬ್ಬರನ್ನೂ ಬರೆದೆ. ಓದು ಬಾರದ ರಾಬಿಯಾ ಎರಡೂ ಸಾಲುಗಳ ಮೇಲೆ ಬೆರಳಾಡಿಸಿ ನೋಡಿದಳು.

"ನಂದೂ ಅದೇ ಬರಿ. ಪೆನ್ಸಿಲಲ್ಲಿ ಬರಿಯಪ್ಪ. ಸರ್ಕಾರ ಮುಂದಿನ ಸಲ ಇನ್ನೊಂದು ಹೆಸರು ತಂದ್ರೂ ತಂದೀತು."

ಆಮೇಲೆ ಸಾಲಿಹ್ ಬಿಟ್ಟಿದ್ದ ಬಟ್ಟಲನ್ನು ಎತ್ತಿ ನನ್ನ ಮುಂದಿಟ್ಟಳು.